ಗೆಲುವು ಯಾರ ಖಾತೆಗೆ, ಸೋಲು ಯಾರ ತಲೆಗೆ?

ನವೆಂಬರ್ 2ರ ನಡುರಾತ್ರಿಯ ಹೊತ್ತಿಗೆ ನವಿ ಮುಂಬೈನಲ್ಲಿ ನಮ್ಮ ಹುಡುಗಿಯರು ವಿಶ್ವಕಪ್ ಎತ್ತಿ ಕುಣಿಯುತ್ತಿದ್ದಾಗ, ಗಾಲಿಕುರ್ಚಿಯಲ್ಲಿ ಕೂತು ಹೆಗಲ ಮೇಲೆ ತ್ರಿವರ್ಣ ಧ್ವಜ ಹೊದ್ದು ನಗುತ್ತಿದ್ದ ಆಟಗಾರ್ತಿಯೊಬ್ಬರನ್ನು ನೀವೂ ಟಿ.ವಿ.ಯಲ್ಲಿ ನೋಡಿರುತ್ತೀರಿ. ಅವರು ಪ್ರತೀಕಾ ರಾವಲ್. ಆ ಟೂರ್ನಿಯಲ್ಲಿ ಅವರದು 308 ರನ್. ಗೆಲ್ಲದಿದ್ದರೆ ಸೆಮಿಫೈನಲ್ ದಾರಿ ದುರ್ಗಮವಾಗುತ್ತಿದ್ದ ನ್ಯೂಜಿಲೆಂಡ್ ವಿರುದ್ಧದ ಪಂದ್ಯದಲ್ಲಿ 122 ಹೊಡೆದಿದ್ದರು. ಮುಂದಿನ ಪಂದ್ಯದಲ್ಲಿ ಫೀಲ್ಡಿಂಗ್ ಮಾಡುವಾಗ ಕಾಲಿಗೆ ಪೆಟ್ಟಾಯಿತು. ಅವರ ಜಾಗಕ್ಕೆ ಶೆಫಾಲಿ ವರ್ಮಾ ಬಂದರು. ಫೈನಲ್‌ನಲ್ಲಿ 87 ರನ್, ಎರಡು ವಿಕೆಟ್, ಪಂದ್ಯಶ್ರೇಷ್ಠ ಪ್ರಶಸ್ತಿ.

ಪದಕ ವಿತರಣೆಯಲ್ಲಿ ಪ್ರತೀಕಾಗೆ ಪದಕ ಇರಲಿಲ್ಲ. ಪದಕಗಳು ಅಂದಿನ ಹದಿನೈದು ಮಂದಿಯ ತಂಡಕ್ಕೆ ಮಾತ್ರ. ಬದಲಿ ಆಟಗಾರ್ತಿ ಪಟ್ಟಿಗೆ ಸೇರಿದ ಕ್ಷಣವೇ ಪ್ರತೀಕಾ ಪಟ್ಟಿಯಿಂದ ಹೊರಗೆ. ಆಮೇಲೆ ಐಸಿಸಿ ಅಧ್ಯಕ್ಷ ಜಯ್ ಶಾ ಮುತುವರ್ಜಿಯಿಂದ ತಮಗೂ ಪದಕದ ಏರ್ಪಾಡಾಯಿತು ಎಂದು ಅವರೇ ಹೇಳಿದರು. ಒಳ್ಳೆಯದಾಯಿತು. ಆದರೆ ಅದು ನಿಯಮ ಕೊಟ್ಟ ಪದಕವಲ್ಲ, ನಿಯಮವನ್ನು ಬದಿಗಿಟ್ಟು ಕೊಟ್ಟ ಪದಕ. 308 ರನ್ ಹೊಡೆದವರಿಗೆ ಗೆಲುವಿನಲ್ಲಿ ಪಾಲಿಲ್ಲ ಎನ್ನುವ ಲೆಕ್ಕ ಯಾವ ಲೆಕ್ಕ? ಈ ಪ್ರಶ್ನೆ ಕ್ರಿಕೆಟ್‌ಗಿಂತ ಹೆಚ್ಚಾಗಿ ಕಾಡಿರುವುದು ನಾವು ಅಷ್ಟಾಗಿ ನೋಡದ ಇನ್ನೊಂದು ಆಟವನ್ನು. ಬೇಸ್‌ಬಾಲ್‌ನಲ್ಲಿ ತಂಡ ಗೆದ್ದರೆ ಆ ಗೆಲುವನ್ನು ಒಬ್ಬನೇ ಪಿಚರ್ ಹೆಸರಿಗೆ ಬರೆಯುತ್ತಾರೆ. ಸೋತರೆ ಆ ಸೋಲನ್ನೂ ಅಷ್ಟೇ, ಸೋತ ತಂಡದ ಒಬ್ಬನ ತಲೆಗೆ.

ಕಾಕತಾಳೀಯವೆಂದರೆ, ಅದೇ ಭಾನುವಾರ ಬೆಳಿಗ್ಗೆ ನಮ್ಮ ಕಾಲಮಾನ ಐದೂವರೆಗೆ ಕೆನಡಾದ ಟೊರಾಂಟೊದಲ್ಲಿ ಬೇಸ್‌ಬಾಲ್‌ನ ವರ್ಲ್ಡ್ ಸೀರೀಸ್‌ನ ಏಳನೇ, ಕೊನೆಯ ಪಂದ್ಯ ಶುರುವಾಯಿತು. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಅಣ್ಣ ಅಮೆರಿಕದ ಗ್ರಾಹಕರೊಂದಿಗೆ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರು. ಗ್ರಾಹಕರ ಜೊತೆ ಮಾತಿಗೆ ವಿಷಯ ಬೇಕೆಂದು ನೋಡಲು ಶುರುಮಾಡಿದ ಆಟ ಈಗ ಅವರಿಗೆ ಹುಚ್ಚು. ಮಹದೇವಪುರದ ಟೆಕ್ ಪಾರ್ಕುಗಳ ಸುತ್ತ ಇಂಥ ಹುಚ್ಚಿನವರು ಹತ್ತಾರು ಮಂದಿ ಸಿಗುತ್ತಾರೆ. ಅವರ ಲ್ಯಾಪ್‌ಟಾಪ್‌ನಲ್ಲಿ ನಾನೂ ನೋಡಿದೆ. ಆಟಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಅದರ ಲೆಕ್ಕದ ಪುಸ್ತಕ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಎರಡು ಮಾತು. ಪಿಚರ್ ಎಂದರೆ ನಮ್ಮ ಬೌಲರ್ ಇದ್ದಂತೆ. ಆದರೆ ನಮ್ಮಲ್ಲಿ ಓವರಿಗೊಬ್ಬ ಬದಲಾದರೆ, ಅಲ್ಲಿ ಒಬ್ಬನೇ ಎಸೆಯುತ್ತಾ ಹೋಗುತ್ತಾನೆ, ಸುಸ್ತಾದಾಗ ಇನ್ನೊಬ್ಬ ಬರುತ್ತಾನೆ. ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸ್‌ನಲ್ಲಿ ಪ್ರತಿ ತಂಡಕ್ಕೆ ಮೂರು ಔಟ್. ಸಮಬಲವಾದರೆ ಆಟ ಮುಂದುವರಿಯುತ್ತದೆ.

ಗೆಲುವು ಯಾರಿಗೆ ಎಂಬ ನಿಯಮ ಹೀಗಿದೆ: ತಂಡ ಮುನ್ನಡೆ ಪಡೆದು, ಆ ಮುನ್ನಡೆಯನ್ನು ಕೊನೆಯವರೆಗೂ ಬಿಟ್ಟುಕೊಡದಿದ್ದರೆ, ಮುನ್ನಡೆ ಸಿಕ್ಕ ಹೊತ್ತಿಗೆ ತಂಡದ ಪಿಚರ್ ಯಾರಾಗಿದ್ದನೋ ಅವನಿಗೆ ಗೆಲುವು. ಪಂದ್ಯ ಆರಂಭಿಸಿದ ಪಿಚರ್ ಆದರೆ ಕನಿಷ್ಠ ಐದು ಇನಿಂಗ್ಸ್ ಮುಗಿಸಿರಬೇಕು. ಮುಗಿಸದಿದ್ದರೆ ಅವನ ನಂತರ ಬಂದವರಲ್ಲಿ ಯಾರು ಹೆಚ್ಚು ಪರಿಣಾಮಕಾರಿ ಎಂದು ಅಧಿಕೃತ ಸ್ಕೋರರ್ ತೀರ್ಮಾನಿಸುತ್ತಾನೆ. ಎದುರಾಳಿಗೆ ಆ ನಿರ್ಣಾಯಕ ಮುನ್ನಡೆ ಕೊಟ್ಟ ರನ್ ಯಾವ ಪಿಚರ್‌ನ ಲೆಕ್ಕಕ್ಕೆ ಸೇರುತ್ತದೋ ಅವನಿಗೆ ಸೋಲು.

ಈಗ ಆ ಪಂದ್ಯ ನೋಡಿ. ಟೊರಾಂಟೊ ಪರ ಆರಂಭಿಸಿದವನು 41 ವರ್ಷದ ಮ್ಯಾಕ್ಸ್ ಶೆರ್ಜರ್. ಒಂದೇ ರನ್ ಕೊಟ್ಟು, ತಂಡ 3–1ರಿಂದ ಮುಂದಿರುವಾಗ ಹೊರನಡೆದ. ಆಗ ಮುಗಿದಿದ್ದದ್ದು ನಾಲ್ಕು ಇನಿಂಗ್ಸ್ ಮತ್ತು ಒಂದು ಔಟ್. ಅಂದರೆ ಟೊರಾಂಟೊ ಆ ಮುನ್ನಡೆಯನ್ನು ಕೊನೆತನಕ ಉಳಿಸಿಕೊಂಡು ಗೆದ್ದಿದ್ದರೂ ಗೆಲುವು ಶೆರ್ಜರ್ ಹೆಸರಿಗೆ ಬರುತ್ತಿರಲಿಲ್ಲ. ಇನ್ನೆರಡು ಔಟ್ ಕಡಿಮೆ! ನಮ್ಮ ಹಾಜರಾತಿಯ ಶೇ 75, ಶೇ 85ರ ಗೆರೆಗಳು ನೆನಪಾದವು.

ಒಂಬತ್ತನೇ ಇನಿಂಗ್ಸ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ 4–4 ಸಮ ಮಾಡಿತು. ಆ ಸಮಬಲದ ಹೊಡೆತ ಬಿಟ್ಟುಕೊಟ್ಟವನು ಜೆಫ್ ಹಾಫ್‌ಮನ್. ಆದರೆ ಪುಸ್ತಕದಲ್ಲಿ ಸೋತವನು ಅವನಲ್ಲ. ಹನ್ನೊಂದನೇ ಇನಿಂಗ್ಸ್‌ನಲ್ಲಿ ವಿಲ್ ಸ್ಮಿತ್‌ಗೆ ಹೋಮ್ ರನ್ ಕೊಟ್ಟ ಶೇನ್ ಬೀಬರ್. ಗೆಲುವಿನ ಅಂಚಿನಲ್ಲಿದ್ದ ಪಂದ್ಯ ಕೈಜಾರಿದ್ದು ಒಬ್ಬನ ಕೈಯಿಂದ, ಸೋಲು ಬರೆದದ್ದು ಮತ್ತೊಬ್ಬನ ಹೆಸರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ ಇರಬೇಕು.

ಗೆಲುವು ಬರೆದದ್ದು ಯೊಶಿನೊಬು ಯಮಮೊಟೊ ಹೆಸರಿಗೆ. ಹಿಂದಿನ ರಾತ್ರಿಯಷ್ಟೇ 96 ಎಸೆತ ಹಾಕಿ ಆರನೇ ಪಂದ್ಯ ಗೆಲ್ಲಿಸಿದ್ದವನು ಮರುದಿನ ಮತ್ತೆ ಬಂದು ಕೊನೆಯ ಎಂಟು ಔಟ್ ತೆಗೆದ. ಆ ಸರಣಿಯ ನಾಲ್ಕು ಗೆಲುವುಗಳಲ್ಲಿ ಮೂರು ಅವನವೇ. ಇದರಲ್ಲಿ ಯಾರಿಗೂ ತಕರಾರಿಲ್ಲ, ನನಗೂ ಇಲ್ಲ. ಆದರೆ ಒಂಬತ್ತನೇ ಇನಿಂಗ್ಸ್‌ನಲ್ಲಿ ಅವನು ಬಂದಾಗ ಎರಡು ಬೇಸ್‌ಗಳಲ್ಲಿ ಟೊರಾಂಟೊ ಓಟಗಾರರು ನಿಂತಿದ್ದರು. ಅವರನ್ನು ಅಲ್ಲಿಗೆ ಬಿಟ್ಟುಹೋದವನು ಹಿಂದಿನ ಪಿಚರ್ ಬ್ಲೇಕ್ ಸ್ನೆಲ್. ಯಮಮೊಟೊ ಮೊದಲು ಒಬ್ಬ ಬ್ಯಾಟರ್‌ನ ಮೈಗೇ ಚೆಂಡು ಎಸೆದು ಮೂರೂ ಬೇಸ್ ತುಂಬಿಸಿದ. ಕೊನೆಗೆ ಚೆಂಡು ದೂರದ ಗೋಡೆಯತ್ತ ಹಾರಿತು. ಆಂಡಿ ಪಾಹೆಸ್ ಓಡಿಬಂದು, ಜೊತೆಯ ಫೀಲ್ಡರ್‌ಗೆ ಡಿಕ್ಕಿ ಹೊಡೆದು, ಹಿಡಿದೇಬಿಟ್ಟ. ಅದು ಕೈತಪ್ಪಿದ್ದರೆ ಟೊರಾಂಟೊ ಚಾಂಪಿಯನ್. ಆಗ ಸೋಲು ಯಾರಿಗೆ? ಚೆಂಡು ಎಸೆದ ಯಮಮೊಟೊಗೆ ಅಲ್ಲ, ಆಗಲೇ ಪೆವಿಲಿಯನ್ ಸೇರಿದ್ದ ಸ್ನೆಲ್‌ಗೆ. ಏಕೆಂದರೆ ಮೂರನೇ ಬೇಸ್‌ನಿಂದ ಮನೆ ಮುಟ್ಟುತ್ತಿದ್ದ ಓಟಗಾರ ಸ್ನೆಲ್ ಬಿಟ್ಟುಹೋದ ಸಾಲ.

ಇಲ್ಲಿಗೆ ಬರುವಷ್ಟರಲ್ಲಿ ಈ ಲೆಕ್ಕ ಮೂರ್ಖತನವೋ ಜಾಣತನವೋ ಎಂದು ನನಗೆ ಗೊಂದಲವಾಯಿತು. ಈಗ ಅನಿಸುವುದು, ಎರಡೂ ಹೌದು.

ಮೂರ್ಖತನಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಹಾರ್ವಿ ಹ್ಯಾಡಿಕ್ಸ್. 1959ರ ಮೇ 26ರಂದು ಪಿಟ್ಸ್‌ಬರ್ಗ್ ಪರ ಎಸೆಯುತ್ತಾ ಸತತ 36 ಬ್ಯಾಟರ್‌ಗಳನ್ನು ಔಟ್ ಮಾಡಿದ. ಹನ್ನೆರಡು ಇನಿಂಗ್ಸ್, ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ಆದರೆ ಅವನ ತಂಡದವರೂ ಒಂದು ರನ್ ಹೊಡೆಯಲಿಲ್ಲ. ಹದಿಮೂರನೇ ಇನಿಂಗ್ಸ್‌ನಲ್ಲಿ ತನ್ನದೇ ಫೀಲ್ಡರ್‌ನ ತಪ್ಪು ಎಸೆತದಿಂದ ಒಬ್ಬ ಬೇಸ್ ಸೇರಿದ, ಆಮೇಲೊಂದು ಹೊಡೆತ, 1–0. ಪುಸ್ತಕದಲ್ಲಿ: ಹ್ಯಾಡಿಕ್ಸ್, ಸೋಲು.

ತೀರಾ ಹಳೆಯ ಮಾತು ಎನ್ನುವವರಿಗೆ 2018ರ ಜೇಕಬ್ ಡಿಗ್ರಾಮ್ ಇದ್ದಾನೆ. ಆ ವರ್ಷ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 1.70 ರನ್ ಮಾತ್ರ ಕೊಟ್ಟ. ಅವನ ನ್ಯೂಯಾರ್ಕ್ ಮೆಟ್ಸ್ ತಂಡ ಅವನು ಎಸೆಯುವ ದಿನವೇ ಬ್ಯಾಟ್ ಮರೆತು ಬರುತ್ತಿತ್ತೋ ಏನೋ, ಅವನ ಖಾತೆ 10 ಗೆಲುವು, 9 ಸೋಲು. ಆದರೂ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವನಿಗೇ ಬಂತು; 30 ಮತದಾರರಲ್ಲಿ 29 ಮಂದಿ ಅವನನ್ನೇ ಮೊದಲ ಸ್ಥಾನಕ್ಕೆ ಆರಿಸಿದರು. ಆ ಪ್ರಶಸ್ತಿ ಯಾರ ಹೆಸರಿನಲ್ಲಿದೆಯೋ ಆ ಸೈ ಯಂಗ್ ಇಂದಿಗೂ ನೆನಪಿನಲ್ಲಿರುವುದು 511 ಗೆಲುವುಗಳ ದಾಖಲೆಗೆ! ಮತ ಹಾಕಿದ ಪತ್ರಕರ್ತರು 'ಗೆಲುವು' ಎಂಬ ಅಂಕಣವನ್ನು ಓದುವುದನ್ನೇ ಬಿಟ್ಟಿದ್ದರು ಎಂದರ್ಥ. ಅದಕ್ಕೂ ಮೊದಲು 2010ರಲ್ಲಿ 13–12 ಖಾತೆಯ ಫೀಲಿಕ್ಸ್ ಹೆರ್ನಾಂಡೆಸ್‌ಗೆ ಇದೇ ಪ್ರಶಸ್ತಿ ಕೊಟ್ಟಾಗ ಹಳಬರು ಹುಬ್ಬೇರಿಸಿದ್ದರು. ಎಂಟು ವರ್ಷದಲ್ಲಿ ಹುಬ್ಬು ಇಳಿಯಿತು.

ಇನ್ನು ಜಾಣತನ. ಅದೇ ಪುಸ್ತಕದಲ್ಲಿ ಬೇರೆ ಅಂಕಣಗಳಿವೆ. ಫೀಲ್ಡರ್ ತಪ್ಪು ಮಾಡಿದರೆ ಅದನ್ನು ಅವನ ಹೆಸರಿಗೇ 'ತಪ್ಪು' ಎಂದು ಬರೆಯುತ್ತಾರೆ. ಆ ತಪ್ಪಿನಿಂದ ಬಂದ ರನ್ ಪಿಚರ್‌ನ ಸರಾಸರಿಗೆ ಸೇರುವುದಿಲ್ಲ. ಹ್ಯಾಡಿಕ್ಸ್ ಸೋತ, ಆದರೆ ಅಂದು ಅವನ ಸರಾಸರಿಗೆ ಸೇರಿದ ರನ್ ಸೊನ್ನೆ. ಹಿಂದಿನವನು ಬಿಟ್ಟುಹೋದ ಓಟಗಾರ ಮನೆ ಮುಟ್ಟಿದರೆ ಆ ರನ್ ಹಿಂದಿನವನಿಗೆ. ನಿನ್ನದು ಎಷ್ಟು, ನಿನಗೆ ಬಳುವಳಿಯಾಗಿ ಬಂದದ್ದು ಎಷ್ಟು, ಬೇರೆಯವರಿಂದಾದದ್ದು ಎಷ್ಟು ಎಂದು ಬಿಡಿಸಿ ಬರೆಯುವ ಈ ಪದ್ಧತಿ ನಮ್ಮ ಕ್ರಿಕೆಟ್‌ನಲ್ಲಿ ಅರ್ಧಂಬರ್ಧ ಇದೆ. ತಮಾಷೆಯೆಂದರೆ ಬೇಸ್‌ಬಾಲ್‌ನ ಸ್ಕೋರ್‌ಪಟ್ಟಿಯನ್ನು ರೂಪಿಸಿದ ಹೆನ್ರಿ ಚ್ಯಾಡ್ವಿಕ್ ಇಂಗ್ಲೆಂಡ್‌ನಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಕ್ರಿಕೆಟ್ ವರದಿ ಮಾಡುತ್ತಿದ್ದವನು. ಕ್ರಿಕೆಟ್ ಪಟ್ಟಿಯನ್ನು ನೋಡಿಯೇ ಅದನ್ನು ಮಾಡಿದ. ಶಿಷ್ಯ ಮುಂದೆ ಹೋದ, ಗುರು ಅಲ್ಲೇ ನಿಂತರು.

ನಿಂತದ್ದು ಎಲ್ಲಿ ಎಂಬುದನ್ನು ನಮ್ಮ ಬೆಂಗಳೂರಿನ ಹುಡುಗ ಪ್ರಸಿದ್ಧ ಕೃಷ್ಣ 2025ರ ಆಗಸ್ಟ್‌ನಲ್ಲಿ ಅನುಭವಿಸಿದರು. ಲಂಡನ್ನಿನ ಓವಲ್ ಟೆಸ್ಟ್. ಇಂಗ್ಲೆಂಡ್‌ಗೆ 374ರ ಗುರಿ. ನಾಲ್ಕನೇ ದಿನ ಹ್ಯಾರಿ ಬ್ರೂಕ್ 19 ರನ್‌ನಲ್ಲಿದ್ದಾಗ ಪ್ರಸಿದ್ಧ ಎಸೆತವನ್ನು ಎತ್ತಿ ಹೊಡೆದರು. ಬೌಂಡರಿ ಬಳಿ ಮೊಹಮ್ಮದ್ ಸಿರಾಜ್ ಕ್ಯಾಚ್ ಹಿಡಿದರು, ಪ್ರಸಿದ್ಧ ಎರಡೂ ಕೈ ಎತ್ತಿದರು, ಅಷ್ಟರಲ್ಲಿ ಸಿರಾಜ್ ಕಾಲು ಹಗ್ಗ ತುಳಿಯಿತು. ಸಿಕ್ಸರ್. ಬ್ರೂಕ್ 111 ರನ್ ಹೊಡೆದರು, ಅಂದರೆ ಆಮೇಲೆ 92 ರನ್. ಕೊನೆಗೆ ಅವರು ಔಟಾದದ್ದು ಆಕಾಶ್ ದೀಪ್ ಬೌಲಿಂಗ್‌ನಲ್ಲಿ, ಕ್ಯಾಚ್ ಹಿಡಿದವರು ಅದೇ ಸಿರಾಜ್.

ಈಗ ಸ್ಕೋರ್‌ಪಟ್ಟಿ ತೆರೆದು ನೋಡಿ. ಆ ಹಗ್ಗ ತುಳಿದ ಕಾಲಿನ ಸುಳಿವು ಎಲ್ಲೂ ಇಲ್ಲ. ಪ್ರಸಿದ್ಧ ಹೆಸರಿನ ಮುಂದೆ ಆ ಆರು ರನ್ 'ಕೊಟ್ಟದ್ದು' ಎಂದು ಸೇರಿದೆ: 126 ರನ್, 4 ವಿಕೆಟ್. ಆ ನಾಲ್ಕರಲ್ಲಿ ಶತಕ ಹೊಡೆದಿದ್ದ ಜೋ ರೂಟ್ ಇದ್ದಾರೆ. ಮೊದಲ ಇನಿಂಗ್ಸ್‌ನಲ್ಲಿ 62ಕ್ಕೆ 4. ಒಟ್ಟು ಎಂಟು ವಿಕೆಟ್. ಐದನೇ ಬೆಳಿಗ್ಗೆ 35 ರನ್ ಬೇಕಿದ್ದಾಗ ಸಿರಾಜ್ ಮೂರು, ಪ್ರಸಿದ್ಧ ಒಂದು ವಿಕೆಟ್ ತೆಗೆದು, ಕೈಗೆ ಜೋಳಿಗೆ ಕಟ್ಟಿಕೊಂಡು ಬಂದಿದ್ದ ಕ್ರಿಸ್ ವೋಕ್ಸ್ ಒಂದೂ ಎಸೆತ ಎದುರಿಸದೆ ನಿಂತಿರುವಂತೆಯೇ ಭಾರತ ಆರು ರನ್‌ಗಳಿಂದ ಗೆದ್ದಿತು. ಆರೇ ರನ್, ನೆನಪಿಡಿ. ಸಿರಾಜ್‌ಗೆ ಪಂದ್ಯದಲ್ಲಿ ಒಂಬತ್ತು ವಿಕೆಟ್, ಪಂದ್ಯಶ್ರೇಷ್ಠ ಪ್ರಶಸ್ತಿ. ಐದೂ ಟೆಸ್ಟ್ ಆಡಿ 185 ಓವರ್ ದಾಟಿ ಬೌಲ್ ಮಾಡಿ 23 ವಿಕೆಟ್ ತೆಗೆದ ಮನುಷ್ಯನಿಗೆ ಅದು ಸಲ್ಲಲೇಬೇಕು. ನನ್ನ ಪ್ರಶ್ನೆ ಬೇರೆ. ಭಾರತ ಸೋತಿದ್ದರೆ ಮಾರನೆಯ ದಿನ ನಾವೆಲ್ಲ ಸಿರಾಜ್‌ನ ಕಾಲಿನ ಫೋಟೊ ಹಂಚಿಕೊಂಡು ಬೈಯುತ್ತಿದ್ದೆವು. ಅದೇ ಮನುಷ್ಯ, ಅದೇ ಒಂಬತ್ತು ವಿಕೆಟ್. ಏಳು ರನ್ ಆಚೀಚೆ ಆದರೆ ನಾಯಕ ಖಳನಾಯಕನಾಗುತ್ತಾನೆ ಎಂದಾದರೆ ನಾವು ಅಳೆಯುತ್ತಿರುವುದು ಏನನ್ನು?

ಬೌಲರ್‌ಗೆ ರನೌಟ್ ಸೇರುವುದಿಲ್ಲ, ಬೈ ಮತ್ತು ಲೆಗ್‌ಬೈ ರನ್ ಅವನ ತಲೆಗೆ ಬರುವುದಿಲ್ಲ. ವೈಡ್, ನೋಬಾಲ್‌ಗಳನ್ನೂ 1980ರ ದಶಕದವರೆಗೆ ಬೌಲರ್ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಅಂದರೆ ಈ ಗೆರೆಗಳು ದೇವರು ಎಳೆದವಲ್ಲ. ಕೂತು ಯೋಚಿಸಿದವರು ಎಳೆದದ್ದು, ಬೇಕಾದಾಗ ಅಳಿಸಿ ಮತ್ತೆ ಎಳೆದದ್ದು.

ಕೆಲವೊಮ್ಮೆ ಗೆರೆಯಾಚೆ ನಿಂತವನೇ ದೊಡ್ಡ ಕೆಲಸ ಮಾಡಿರುತ್ತಾನೆ. 1999ರ ಫೆಬ್ರುವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ. ಅನಿಲ್ ಕುಂಬ್ಳೆ 74 ರನ್‌ಗೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದದ್ದು ನಾವು ಹುಟ್ಟುವ ಮೊದಲಿನ ಕಥೆ, ಆದರೂ ನಮಗೆಲ್ಲ ಬಾಯಿಪಾಠ. ಒಂಬತ್ತು ವಿಕೆಟ್ ಆದಮೇಲೆ ಇನ್ನೊಂದು ತುದಿಯಿಂದ ಓವರ್ ಹಾಕಬೇಕಾಗಿದ್ದವರು ಜಾವಗಲ್ ಶ್ರೀನಾಥ್. ಆಫ್ ಸ್ಟಂಪಿನಿಂದ ಆದಷ್ಟು ದೂರ, ವಿಕೆಟ್ ಬೀಳದ ಹಾಗೆ ಚೆಂಡು ಹಾಕಿದರು. ವಿಕೆಟ್ ತೆಗೆಯುವುದನ್ನೇ ಬದುಕಾಗಿಸಿಕೊಂಡ ವೇಗಿ, ವಿಕೆಟ್ ಬೀಳಬಾರದು ಎಂದು ಬೌಲ್ ಮಾಡುವುದು ಎಂಥ ವಿಚಿತ್ರ ಕೆಲಸ! ಆ ಇನಿಂಗ್ಸ್‌ನಲ್ಲಿ ಶ್ರೀನಾಥ್ ಹೆಸರಿನ ಮುಂದೆ ಇರುವುದು ಸೊನ್ನೆ. ಅಂಕಿಗಳಷ್ಟನ್ನೇ ಓದುವ ಸಾಫ್ಟ್‌ವೇರ್‌ಗೆ ಆ ಓವರ್ ಒಂದು ಕೆಟ್ಟ ಓವರ್. (ಇಬ್ಬರೂ ನಮ್ಮಂತೆ ಬಿ.ಇ. ಓದಿದವರು, ಹೇಳದೆ ಇರಲಾಗಲಿಲ್ಲ.)

ಅದೇ ಕುಂಬ್ಳೆಯ ಇನ್ನೊಂದು ಖಾತೆಯಿದೆ. ಬೇಸ್‌ಬಾಲ್ ಗೆಲುವು ಸೋಲನ್ನು ಪಿಚರ್‌ಗೆ ಬರೆದರೆ ಕ್ರಿಕೆಟ್ ಬರೆಯುವುದು ಕ್ಯಾಪ್ಟನ್‌ಗೆ. ನಾಯಕನಾಗಿ ಕುಂಬ್ಳೆ: 14 ಟೆಸ್ಟ್, 3 ಗೆಲುವು, 5 ಸೋಲು, 6 ಡ್ರಾ. ಕ್ವಿಜ್‌ನಲ್ಲಿ ಈ ಸಾಲು ಕೇಳಿದರೆ 'ಸಾಧಾರಣ ನಾಯಕ' ಎಂದುಬಿಡಬಹುದು. ಆ ಐದು ಸೋಲುಗಳಲ್ಲಿ ಒಂದು 2008ರ ಜನವರಿಯ ಸಿಡ್ನಿ. ಆಂಡ್ರ್ಯೂ ಸೈಮಂಡ್ಸ್ 30 ರನ್‌ನಲ್ಲಿದ್ದಾಗ ಬ್ಯಾಟಿಗೆ ತಾಗಿ ಕೀಪರ್ ಕೈ ಸೇರಿದ ಚೆಂಡಿಗೆ ಅಂಪೈರ್ ಔಟ್ ಕೊಡಲಿಲ್ಲ. ಸೈಮಂಡ್ಸ್ ಅಜೇಯ 162 ಹೊಡೆದರು, ಚೆಂಡು ತಾಗಿತ್ತೆಂದು ಆಮೇಲೆ ತಾವೇ ಒಪ್ಪಿಕೊಂಡರು. ಕೊನೆಯ ದಿನ ಕುಂಬ್ಳೆ 45 ರನ್ನಿಗೆ ಅಜೇಯರಾಗಿ ಉಳಿದರು, ಇನ್ನೊಂದು ತುದಿ ಖಾಲಿಯಾಯಿತು. ಅಂಪೈರ್‌ನ ತೀರ್ಪು ಯಾರ ಖಾತೆಗೂ ಹೋಗಲಿಲ್ಲ. ಸೋಲು ಮಾತ್ರ ಕುಂಬ್ಳೆಗೆ. ಮುಂದಿನ ಟೆಸ್ಟ್‌ನಲ್ಲಿ ಅದೇ ತಂಡವನ್ನು ಪರ್ತ್‌ನಲ್ಲಿ ಗೆಲ್ಲಿಸಿದ್ದೂ ಅವರ ಖಾತೆಯಲ್ಲಿದೆ ಎನ್ನುವುದು ಸಮಾಧಾನ.

ಆಟದ ಮಾತು ಸಾಕು ಎನ್ನುವವರಿಗೆ, ಇದು ಆಟದಲ್ಲೇ ನಿಲ್ಲುವುದಿಲ್ಲ ಎಂದು 2025ರಲ್ಲಿ ಬೆಂಗಳೂರು ಕಂಡಿದೆ. ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ ಗೆದ್ದದ್ದೂ ಆರೇ ರನ್‌ನಿಂದ. ಹದಿನೆಂಟು ವರ್ಷ ಕಾದ ಗೆಲುವಿನಲ್ಲಿ ಪಾಲು ಪಡೆಯಲು ಎಲ್ಲರಿಗೂ ಆಸೆ, ಮೆಟ್ರೊ ಹತ್ತಿ ಓಡಿದ ನಮ್ಮಂಥವರಿಗೂ. ಮರುದಿನ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ ನಡೆಯಿತು. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಹೆಚ್ಚಿನವರು ನಮ್ಮ ವಯಸ್ಸಿನ ಆಚೀಚಿನವರು.

ಗೆಲುವನ್ನು ಹಂಚಿಕೊಳ್ಳಲು ವೇದಿಕೆ ಸಾಲದಷ್ಟು ಜನರಿದ್ದರು. ಆ ಸಾವುಗಳ ಹೊಣೆ ಬರೆಯಲು ಹೊರಟಾಗ ಪ್ರತಿಯೊಬ್ಬರ ಬೆರಳೂ ಪಕ್ಕದವರತ್ತ ತಿರುಗಿತು. ಮರುದಿನವೇ ನಗರ ಪೊಲೀಸ್ ಆಯುಕ್ತರೂ ಸೇರಿ ಅಧಿಕಾರಿಗಳು ಅಮಾನತಾದರು. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಡಿಕುನ್ಹ ನೇತೃತ್ವದ ವಿಚಾರಣಾ ಆಯೋಗ ಬಂತು. ಜುಲೈನಲ್ಲಿ ಅಮಾನತು ವಾಪಸಾಯಿತು. ಯಾರು ತಪ್ಪಿತಸ್ಥರು ಎಂದು ಹೇಳುವ ಯೋಗ್ಯತೆ ನನಗಿಲ್ಲ, ಅದಕ್ಕೆ ನ್ಯಾಯಾಲಯಗಳಿವೆ. ನನ್ನ ಗಮನ ಇರುವುದು ಬರೆಯುವ ಕ್ರಮದ ಮೇಲೆ. ಸೋಲು ಘಟಿಸಿದ ಕ್ಷಣ ಮೈದಾನದಲ್ಲಿ ಯಾರು ನಿಂತಿದ್ದರು ಎಂದು ನೋಡಿ ಹೆಸರು ಬರೆಯುವುದು ಒಂದು ಕ್ರಮ. ಅದು ಒಂದು ರಾತ್ರಿಯ ಕೆಲಸ. ಬೇಸ್ ಮೇಲೆ ಓಟಗಾರರನ್ನು ಬಿಟ್ಟುಹೋದವರು ಯಾರು ಎಂದು ಹಿಂದಕ್ಕೆ ಹೋಗುವುದು ಇನ್ನೊಂದು ಕ್ರಮ. ಜನರನ್ನು ಕರೆದವರು ಯಾರು, ಒಂದು ದಿನವೂ ಬಿಡುವಿಲ್ಲದೆ ಕಾರ್ಯಕ್ರಮ ನಿಗದಿ ಮಾಡಿದ್ದು ಯಾರು, ಅನುಮತಿಯ ಕಾಗದ ಯಾವ ಮೇಜಿನ ಮೇಲಿತ್ತು, ಗೇಟು ಯಾವಾಗ ತೆರೆಯಬೇಕಿತ್ತು. ಇದಕ್ಕೆ ತಿಂಗಳುಗಳು ಬೇಕು, ಅಷ್ಟರಲ್ಲಿ ನಾವು ಓದುಗರು ಮುಂದಿನ ಸುದ್ದಿಗೆ ಹೋಗಿರುತ್ತೇವೆ.

ಮಹಡಿಯ ಅಣ್ಣನ ಕೆಲಸದಲ್ಲೂ ಇದೇ. ಕಂಪನಿಯ ಹೆಸರು ಬೇಡ. ಅವರದು ಆನ್‌ಕಾಲ್ ಪಾಳಿ: ರಾತ್ರಿ ಮೂರಕ್ಕೆ ಸರ್ವರ್ ಕೈಕೊಟ್ಟರೆ ಎದ್ದು ಸರಿಪಡಿಸಬೇಕು. ಒಂದು ರಾತ್ರಿ ಹಾಗೇ ಆಯಿತು. ನಾಲ್ಕು ಗಂಟೆ ಒದ್ದಾಡಿ ಸರಿಮಾಡಿದರು. ದೋಷ ಇದ್ದದ್ದು ಎರಡು ವರ್ಷ ಹಿಂದೆ ಯಾರೋ ಬರೆದ ಕೋಡ್‌ನಲ್ಲಿ. ಅವರು ಬಡ್ತಿ ಪಡೆದು ಬೇರೆ ಕಡೆ ಹೋಗಿಯಾಗಿದೆ. ಆದರೆ ವರದಿಯ ಮೇಲಿದ್ದ ಹೆಸರು ಅಣ್ಣನದು. ವರ್ಷದ ಮೌಲ್ಯಮಾಪನದಲ್ಲಿ 'ನಿಮ್ಮ ಪಾಳಿಯಲ್ಲಿ ಆದ ಘಟನೆಗಳು' ಎಂಬ ಒಂದು ಅಂಕಣ, ಅದರಲ್ಲಿ ಒಂದು ಎಂದು ನಮೂದು. "ಬೇಸ್‌ಬಾಲ್‌ನಲ್ಲಾಗಿದ್ದರೆ ಆ ರನ್ ಅವನಿಗೆ ಹೋಗ್ತಿತ್ತು ಕಣೋ, ನಂಗಲ್ಲ" ಎಂದು ಅವರು ನಗುತ್ತಾ ಹೇಳಿದರು. ಆ ನಗು ನನಗೆ ಅಷ್ಟೇನೂ ಹಿಡಿಸಲಿಲ್ಲ, ಯಾಕೆಂದರೆ ಇನ್ನೆರಡು ವರ್ಷಕ್ಕೆ ಆ ಕುರ್ಚಿಯಲ್ಲಿ ನಾನಿರುತ್ತೇನೆ.

ಕಂಪ್ಯೂಟರ್ ಸೈನ್ಸ್ ಓದುವವರಿಗೆ ಗಿಟ್ ಗೊತ್ತು. ಅದರಲ್ಲಿ 'ಬ್ಲೇಮ್' ಎಂಬ ಆಜ್ಞೆಯೇ ಇದೆ. ಕೋಡ್‌ನ ಪ್ರತಿ ಸಾಲನ್ನು ಕೊನೆಯ ಬಾರಿ ಮುಟ್ಟಿದವರು ಯಾರು ಎಂದು ಅದು ತೋರಿಸುತ್ತದೆ. ಬರೆದವರು ಯಾರು ಎಂದಲ್ಲ, ಕೊನೆಗೆ ಮುಟ್ಟಿದವರು. ನೀವು ಬರೀ ಖಾಲಿ ಜಾಗ ಸರಿಪಡಿಸಿ ಸಾಲನ್ನು ಅಂದ ಮಾಡಿದರೂ ಆ ಸಾಲಿನ ಪಕ್ಕ ನಿಮ್ಮ ಹೆಸರು ಬಂದು ಕೂರುತ್ತದೆ. ಅದರ ಹಿಂದಿನ ಚರಿತ್ರೆಯೂ ಅಲ್ಲೇ ಇರುತ್ತದೆ, ಹುಡುಕುವ ತಾಳ್ಮೆ ಇದ್ದರೆ. ಆ ತಾಳ್ಮೆಯನ್ನು ಪದ್ಧತಿ ಮಾಡಿಕೊಂಡವರೂ ಇದ್ದಾರೆ. 2025ರ ಫೆಬ್ರುವರಿಯಲ್ಲಿ ನಮ್ಮ ಮಹದೇವಪುರದಲ್ಲಿ 'ಅನಂತ' ಎಂಬ ಕ್ಯಾಂಪಸ್ ತೆರೆದ ಗೂಗಲ್‌ನ ಎಂಜಿನಿಯರುಗಳು 2016ರಲ್ಲಿ ತಂದ ಪುಸ್ತಕದಲ್ಲಿ, ಘಟನೆಯ ನಂತರದ ವರದಿಯಲ್ಲಿ ವ್ಯಕ್ತಿಯನ್ನು ದೂರದೆ ಕಾರಣಗಳನ್ನಷ್ಟೇ ಬರೆಯಬೇಕು ಎಂಬುದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಸಂದರ್ಶನಕ್ಕೆ ಹೋಗುವವರು ಓದಿಕೊಳ್ಳುವುದು ಒಳ್ಳೆಯದು. 'ನಿಮ್ಮಲ್ಲಿ ಹೀಗೆ ಮಾಡುತ್ತೀರಾ' ಎಂದು ನಾವೂ ಕೇಳಬಹುದಲ್ಲ, ಪ್ರಶ್ನೆ ಕೇಳುವ ಹಕ್ಕು ಅವರಿಗೊಬ್ಬರಿಗೇ ಇಲ್ಲ.

ಹಾಗೆಂದು 'ಎಲ್ಲವೂ ತಂಡದ್ದು, ಯಾರ ಹೆಸರೂ ಬೇಡ' ಎನ್ನುವವರ ಪಕ್ಷ ನಾನಲ್ಲ. ಆ ಮಾತನ್ನು ಹೆಚ್ಚಾಗಿ ಹೇಳುವವರು ಏನೂ ಮಾಡದವರು ಎಂಬುದು ಗುಂಪು ಪ್ರಾಜೆಕ್ಟ್ ಮಾಡಿದ ಪ್ರತಿಯೊಬ್ಬರಿಗೂ ಗೊತ್ತು. ಹ್ಯಾಡಿಕ್ಸ್‌ನ 36 ಔಟ್ ಹ್ಯಾಡಿಕ್ಸ್‌ದೇ. ಅದನ್ನು 'ತಂಡದ ಪ್ರಯತ್ನ' ಎಂದು ಕರೆದರೆ ಅದೂ ಕಳ್ಳಲೆಕ್ಕವೇ. ನನಗೆ ಬೇಕಿರುವುದು ಕಡಿಮೆ ಹೆಸರುಗಳಲ್ಲ, ಹೆಚ್ಚು ಅಂಕಣಗಳು.

ನಾವು ನಾಲ್ವರು ಈ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಬಸ್ ಬರುವ ಸಮಯವನ್ನು ಅಂದಾಜಿಸುವ ಆ್ಯಪ್ ಮಾಡಿದ್ದೇವೆ. ಪರೀಕ್ಷಕರ ಮುಂದೆ ನಿಂತು ಮಾತಾಡುವವನಿಗೆ ಅಂಕ ಜಾಸ್ತಿ ಎಂಬುದು ಎಲ್ಲ ಕಾಲೇಜುಗಳ ಅಲಿಖಿತ ನಿಯಮ. ಮುನ್ನಡೆ ಸಿಕ್ಕ ಹೊತ್ತಿಗೆ ಚೆಂಡು ಯಾರ ಕೈಯಲ್ಲಿತ್ತೋ ಅವನಿಗೆ ಗೆಲುವು. ನಮ್ಮ ಗುಂಪಿನ ಹುಡುಗಿಯೊಬ್ಬಳಿಗೆ ವೇದಿಕೆ ಎಂದರೆ ನಾಲಿಗೆ ಒಣಗುತ್ತದೆ. ಆದರೆ ಮೂರು ವಾರ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಮಹದೇವಪುರ ಬಸ್ ನಿಲ್ದಾಣದಲ್ಲಿ ನಿಂತು ಯಾವ ಬಸ್ ಎಷ್ಟು ನಿಮಿಷ ತಡ ಎಂದು ನೋಟ್‌ಬುಕ್ಕಿನಲ್ಲಿ ಬರೆದವಳು ಅವಳು. ಮಳೆ ಬಂದ ದಿನದ ಪುಟಗಳಲ್ಲಿ ಶಾಯಿ ಹರಡಿದೆ. ಆ ನೋಟ್‌ಬುಕ್ ಇಲ್ಲದಿದ್ದರೆ ನನ್ನ ಕೋಡ್ ಅಂದಾಜಿಸುವುದು ಗಾಳಿಯನ್ನು.

ಹಾಗಾಗಿ ವರದಿಯ ಕೊನೆಯಲ್ಲಿ ಒಂದು ಹಾಳೆ ಸೇರಿಸಿದ್ದೇವೆ. ಹೆಸರು, ಸ್ವತಃ ಮಾಡಿದ್ದು, ಇನ್ನೊಬ್ಬರಿಂದ ಪಡೆದು ಮುಂದುವರಿಸಿದ್ದು, ಅರ್ಧಕ್ಕೆ ಬಿಟ್ಟು ಇನ್ನೊಬ್ಬರಿಗೆ ದಾಟಿಸಿದ್ದು ಎಂದು ನಾಲ್ಕು ಅಂಕಣ. ಎರಡು ಸಂಜೆ ಜಗಳವಾಯಿತು, ಅದರಲ್ಲೂ ನಾಲ್ಕನೇ ಅಂಕಣ ತುಂಬಿಸುವಾಗ. ನಮ್ಮ ಗೈಡ್ ಮೇಡಂ ಓದಿ, "ಇದಕ್ಕೆ ಅಂಕ ಎಲ್ಲಿ ಕೊಡೋದು, ಫಾರ್ಮ್ಯಾಟ್‌ನಲ್ಲಿ ಜಾಗವೇ ಇಲ್ಲವಲ್ಲ" ಎಂದರು. ಹಾಳೆಯನ್ನು ಮಾತ್ರ ಕಿತ್ತುಹಾಕಲಿಲ್ಲ. ಬೈಂಡಿಂಗ್‌ಗೆ ಕೊಡುವ ಮೊದಲು ಆ ಹಾಳೆಯ ನಾಲ್ಕು ಜೆರಾಕ್ಸ್ ತೆಗೆಸಿಟ್ಟುಕೊಂಡಿದ್ದೇವೆ, ಒಬ್ಬೊಬ್ಬರ ರೆಸ್ಯೂಮೆ ಫೈಲಿಗೆ ಒಂದೊಂದು.